ರೋಬೋ ಕೀಲುಗಳ ದತ್ತಾಂಶ: ನಿಯಂತ್ರಕ ಪೆಟ್ಟಿಗೆಯಿಂದ ಆರ್‌ಒಎಸ್ ಸಂದೇಶದವರೆಗೆ

ತನ್ನ ಮೊಣಕೈ ಈಗ ಎಷ್ಟು ಬಾಗಿದೆ ಎಂದು ತಿಳಿಯದ ರೋಬೋ ತೋಳು ಏನನ್ನೂ ಹಿಡಿಯಲಾರದು. ಈ ಅಳತೆ ಯಂತ್ರದೊಳಗೆ ಬಹುಕಾಲದಿಂದ ಇದ್ದದ್ದೇ. ಅದು ಯಾರ ಕೈಗೆ, ಯಾವ ರೂಪದಲ್ಲಿ ಸಿಗುತ್ತಿತ್ತು ಎಂಬುದರಲ್ಲಿ ಚರಿತ್ರೆ ಅಡಗಿದೆ. ರೋಬೋ ತಂತ್ರಾಂಶದ ಕಥನಗಳು ಕ್ಯಾಮೆರಾ, ನಕ್ಷೆ, ಯೋಜನೆಗಳ ಸುತ್ತಲೇ ಸುತ್ತುತ್ತವೆ. ಆದರೆ ಒಂದು ಪ್ರಯೋಗಾಲಯದ ಕೆಲಸ ಇನ್ನೊಂದರಲ್ಲಿ ನಡೆಯುವಂತಾದುದರಲ್ಲಿ ಕೀಲುಗಳ ಸ್ಥಿತಿಯನ್ನು ಸಾರುವ ಒಂದು ಪುಟ್ಟ ಸಂದೇಶದ ಪಾಲು ದೊಡ್ಡದು ಎಂಬುದು ನನ್ನ ವಾದ.

ಯುನಿಮೇಷನ್ ಕಂಪನಿಯ ಪ್ಯೂಮಾ 560 ತೋಳನ್ನು ನೋಡಿ. ಅದರ ಆರೂ ಕೀಲುಗಳಿಗೆ ಕೋನ ಅಳೆಯುವ ಎನ್‌ಕೋಡರ್ ಮತ್ತು ಪೊಟೆನ್ಶಿಯೊಮೀಟರ್ ಇದ್ದವು. ಎಲ್‌ಎಸ್‌ಐ-11 ಕಂಪ್ಯೂಟರು 28 ಮಿಲಿಸೆಕೆಂಡಿಗೊಮ್ಮೆ ಗುರಿಯ ಕೋನಗಳನ್ನು ಕಳುಹಿಸುತ್ತಿತ್ತು. ಕೀಲಿಗೊಂದರಂತೆ ಇದ್ದ 6503 ಮೈಕ್ರೊಪ್ರೊಸೆಸರುಗಳು 0.875 ಮಿಲಿಸೆಕೆಂಡಿಗೊಮ್ಮೆ ಮೋಟಾರುಗಳನ್ನು ತಿದ್ದುತ್ತಿದ್ದವು. ಇಷ್ಟೂ ವ್ಯವಹಾರ ಪೆಟ್ಟಿಗೆಯೊಳಗೇ ಮುಗಿಯುತ್ತಿತ್ತು. ತೋಳನ್ನು ಯುನಿಕ್ಸ್ ಗಣಕದಿಂದ ಸಿ ಭಾಷೆಯಲ್ಲಿ ನಡೆಸಲು 1980ರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಿನ್ಸೆಂಟ್ ಹೇವರ್ಡ್ ಮತ್ತು ರಿಚರ್ಡ್ ಪಾಲ್ ಆರ್‌ಸಿಸಿಎಲ್ ಎಂಬ ತಂತ್ರಾಂಶ ಗ್ರಂಥಾಲಯವನ್ನೇ ಕಟ್ಟಬೇಕಾಯಿತು.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪ್ಲೇಯರ್ ತಂತ್ರಾಂಶ ದತ್ತಾಂಶವನ್ನು ಜಾಲಕ್ಕೆ ತೆರೆದಿಟ್ಟಿತು. ಅದರ ಆಕ್ಟ್‌ಅರೇ ಎಂಬ ಸಂಪರ್ಕಮುಖ ಪ್ರತಿ ಮೋಟಾರಿನ ಸ್ಥಾನ, ವೇಗ, ವಿದ್ಯುತ್ ಪ್ರವಾಹಗಳನ್ನು ಕ್ರಮಸಂಖ್ಯೆಯ ಪ್ರಕಾರ ಕೊಡುತ್ತಿತ್ತು. ಮೂರನೆಯ ಮೋಟಾರು ಭುಜದ್ದೋ ಮೊಣಕೈಯದೋ ಎಂಬ ಅರಿವು ಮಾತ್ರ ಪ್ರೋಗ್ರಾಂ ಬರೆದವರ ತಲೆಯಲ್ಲೇ ಉಳಿಯಿತು. ಏಕಮಾನವೂ ಎಲ್ಲೆಡೆ ಒಂದೇ ಆಗಿರಲಿಲ್ಲ: ಇಟಲಿಯ ಐಕಬ್ ರೋಬೋಗೆ ಬಳಸುವ ಯಾರ್ಪ್ ತಂತ್ರಾಂಶ ಕೀಲುಗಳ ಕೋನವನ್ನು ಡಿಗ್ರಿಗಳಲ್ಲಿ ಹೇಳುತ್ತದೆ.

ಸ್ಟ್ಯಾನ್‌ಫರ್ಡ್‌ನ ಸ್ಟೇರ್ ಯೋಜನೆಗಾಗಿ ಮಾರ್ಗನ್ ಕ್ವಿಗ್ಲಿ ಬರೆದ ಸ್ವಿಚ್‌ಯಾರ್ಡ್, ರೋಬೋ ತಂತ್ರಾಂಶಗಳ ಚೌಕಟ್ಟಾದ ಆರ್‌ಒಎಸ್‌ನ ಪೂರ್ವಜ. ಮೆನ್ಲೊ ಪಾರ್ಕಿನ ವಿಲ್ಲೊ ಗ್ಯಾರೇಜ್ ಸಂಸ್ಥೆ ಪಿಆರ್2 ರೋಬೋ ಜೊತೆಯಲ್ಲಿ ಆರ್‌ಒಎಸ್ ಅನ್ನು ಬೆಳೆಸಿತು. 2009ರಲ್ಲಿ ಕೋಬೆ ನಗರದ ಐಸಿಆರ್‌ಎ ಸಮ್ಮೇಳನದ ಕಾರ್ಯಾಗಾರದಲ್ಲಿ ಅದರ ಪ್ರಬಂಧ ಮಂಡನೆಯಾಯಿತು. ಈ ಪರಂಪರೆಯಲ್ಲಿ ರೂಪುಗೊಂಡ ಜಾಯಿಂಟ್‌ಸ್ಟೇಟ್ ಸಂದೇಶದಲ್ಲಿ ಅಳತೆ ಮಾಡಿದ ಸಮಯ, ಹೆಸರುಗಳ ಪಟ್ಟಿ, ಸ್ಥಾನ, ವೇಗ, ಬಲ ಇಷ್ಟೇ ಇವೆ. ತಿರುಗುವ ಕೀಲಿಗೆ ರೇಡಿಯನ್, ಜಾರುವ ಕೀಲಿಗೆ ಮೀಟರ್. ಕೀಲನ್ನು ಗುರುತಿಸುವುದು ಹೆಸರು, ಸಂಖ್ಯೆಯಲ್ಲ. ಅದೇ ಹೆಸರು ಯುಆರ್‌ಡಿಎಫ್ ಎಂಬ ದೇಹವಿವರಣೆಯ ಕಡತದಲ್ಲೂ ಇರುವುದರಿಂದ, ಯಾವ ರೋಬೋ ಎಂದು ಮೊದಲೇ ತಿಳಿಯದ ರೋಬೋಟ್ ಸ್ಟೇಟ್ ಪಬ್ಲಿಷರ್ ಎಂಬ ಪ್ರೋಗ್ರಾಂ ಎರಡನ್ನೂ ಜೋಡಿಸಿ ಬೆರಳ ತುದಿ ಎಲ್ಲಿದೆ ಎಂದು ಲೆಕ್ಕ ಹಾಕಬಲ್ಲದು.

ಒಂದೊಂದು ಕೀಲಿಗೆ ಒಂದೊಂದು ಕಟ್ಟು ಮಾಡದೆ ಸ್ಥಾನ, ವೇಗ, ಬಲಗಳನ್ನು ಬೇರೆ ಬೇರೆ ಪಟ್ಟಿಗಳಾಗಿ ಇಟ್ಟದ್ದು ಬಳಸುವವರಿಗೆ ತೊಡಕೆನಿಸುತ್ತದೆ. ನನಗೆ ಅದು ಸರಿಯಾದ ತೀರ್ಮಾನವೆಂದೇ ಕಾಣುತ್ತದೆ. ವೇಗವನ್ನು ಅಳೆಯದ ರೋಬೋ ಆ ಪಟ್ಟಿಯನ್ನು ಖಾಲಿ ಬಿಡಬಹುದು. ಸೊನ್ನೆ ತುಂಬಿದರೆ ಕೀಲು ನಿಂತಿದೆ ಎಂದರ್ಥ. ಖಾಲಿ ಬಿಟ್ಟರೆ ಅಳತೆಯೇ ಇಲ್ಲ ಎಂದರ್ಥ. ವಿಜ್ಞಾನದ ದಾಖಲೆಯಲ್ಲಿ ಈ ಎರಡನ್ನು ಬೆರೆಸುವುದಕ್ಕಿಂತ ಕೆಟ್ಟದ್ದು ಕಡಿಮೆ.

ಸಾರುವ ಕ್ರಿಯೆಗೂ ತನ್ನದೇ ಕಷ್ಟವಿತ್ತು. ಪಿಆರ್2ನ ನಿಯಂತ್ರಣ ಚಕ್ರ ಸೆಕೆಂಡಿಗೆ 1000 ಬಾರಿ ಸುತ್ತುತ್ತಿತ್ತು. ಜಾಲಕ್ಕಾಗಿ ಕಾಯುತ್ತ ಒಂದು ಸುತ್ತು ತಡವಾದರೂ ತೋಳು ಅದುರಬಹುದು. ಆದ್ದರಿಂದ ಸಂದೇಶ ಕಳುಹಿಸುವ ಕೆಲಸವನ್ನು ಪ್ರತ್ಯೇಕ ಎಳೆಗೆ (ಥ್ರೆಡ್) ಒಪ್ಪಿಸಲಾಯಿತು. ಎರಡೂ ಹಂಚಿಕೊಂಡ ಸಂದೇಶದ ಬೀಗ ಸಿಕ್ಕರೆ ಚಕ್ರವು ಅಳತೆಯನ್ನು ದಾಟಿಸುತ್ತದೆ, ಸಿಗದಿದ್ದರೆ ಆ ಸಲದ ಅಳತೆಯನ್ನು ಬಿಟ್ಟು ಮುಂದೆ ಸಾಗುತ್ತದೆ. ಕೇಳುಗರಿಗೆ ಒಂದು ಸಂದೇಶ ತಪ್ಪಬಹುದು, ನಿಯಂತ್ರಣ ಮಾತ್ರ ತಪ್ಪಕೂಡದು. ಪಿಆರ್2ನ ಈ ನಿಯಂತ್ರಣ ವ್ಯವಸ್ಥೆಯನ್ನೇ ಇತರ ರೋಬೋಗಳಿಗೂ ಒಗ್ಗುವಂತೆ ಬಿಡಿಸಿ ಕಟ್ಟಿದ್ದು ಆರ್‌ಒಎಸ್ ಕಂಟ್ರೋಲ್.

ಸಂದೇಶದ ರೇಡಿಯನ್, ಮೀಟರ್ ಎಂಬ ಏಕಮಾನಗಳ ಒಪ್ಪಂದವೂ 2010ರ ಅಕ್ಟೋಬರಿನಲ್ಲಿ ಆರ್‌ಒಎಸ್‌ನ ಆರ್‌ಇಪಿ 103 ದಾಖಲೆಯಲ್ಲಿ ಬರಹಕ್ಕೆ ಇಳಿಯಿತು.

ಆದರೆ ಜಾಯಿಂಟ್‌ಸ್ಟೇಟ್ ಸಂದೇಶದ ಈ ಸರಳತೆಗೆ ಬೆಲೆಯೂ ಇದೆ. ಪರದೆಯ ಮೇಲೆ ಜಾರುಗುಂಡಿ ಎಳೆದು ಹುಟ್ಟಿಸಿದ ಕೋನವೂ, ಗಜೀಬೊ ಅನುಕರಣೆಯ ಕೋನವೂ, ನಿಜವಾದ ಎನ್‌ಕೋಡರಿನ ಕೋನವೂ ಒಂದೇ ಸಂದೇಶದಲ್ಲಿ ಬರುತ್ತವೆ. ಯಂತ್ರವಿಲ್ಲದೆ ಕಲಿಯುವ ವಿದ್ಯಾರ್ಥಿಗೆ ಇದು ವರ. ಆದರೆ ಅಳತೆ ಎಲ್ಲಿಂದ ಬಂತೆಂದು ಸಂದೇಶ ಹೇಳುವುದಿಲ್ಲ. ಬಲದ ಅಂಕಿಯನ್ನು ಮೋಟಾರಿನ ವಿದ್ಯುತ್ ಪ್ರವಾಹದಿಂದ ಅಂದಾಜಿಸಿದರೂ, ಕೀಲಿನಲ್ಲೇ ಕೂರಿಸಿದ ಸಂವೇದಕದಿಂದ ಪಡೆದರೂ ಓದುಗನಿಗೆ ವ್ಯತ್ಯಾಸ ತಿಳಿಯದು. ಇಂಥ ದತ್ತಾಂಶದ ಮೇಲೆ ಪ್ರಬಂಧ ಬರೆಯುವವರು ಮೂಲವನ್ನು ತಾವೇ ನಮೂದಿಸಲೇಬೇಕು.

ಮೊದಲ ಆವೃತ್ತಿಯನ್ನು 2017ರ ಡಿಸೆಂಬರಿನಲ್ಲಿ ಕಂಡ ಆರ್‌ಒಎಸ್ 2, ಸಾಗಣೆಯ ಅಡಿಪಾಯವನ್ನು ಡಿಡಿಎಸ್ ಎಂಬ ಮಾನದಂಡಕ್ಕೆ ಬದಲಿಸಿದರೂ ಜಾಯಿಂಟ್‌ಸ್ಟೇಟ್ ಸಂದೇಶವನ್ನು ಹಾಗೆಯೇ ಉಳಿಸಿಕೊಂಡಿತು. ಅದರಲ್ಲಿ ಈ ಸಂದೇಶವನ್ನು ಸಾರುವ ಜಾಯಿಂಟ್ ಸ್ಟೇಟ್ ಬ್ರಾಡ್‌ಕಾಸ್ಟರ್ ಈಗ ಪಕ್ಕದಲ್ಲೇ ಇನ್ನೊಂದು ಸಂದೇಶವನ್ನೂ ಸಾರುತ್ತದೆ. ಸ್ಥಾನ, ವೇಗ, ಬಲಗಳ ಆಚೆಗೆ ಯಂತ್ರಾಂಶ ಒದಗಿಸುವ ಯಾವುದೇ ಅಳತೆಯನ್ನು, ಅದು ಮೋಟಾರಿನ ತಾಪವೇ ಇರಲಿ, ಅದರಲ್ಲಿ ಹೆಸರಿಟ್ಟು ಸೇರಿಸಬಹುದು.