ನೀರಿಗಿಳಿಯುವ ದಾರಿಗಳು

ಗ್ರಾವೆಲ್ ಬೈಕ್ ಎಂಬ ಸೈಕಲ್ಲಿಗೆ ಕನ್ನಡದಲ್ಲಿ ಇನ್ನೂ ಹೆಸರಿಲ್ಲ. ನೋಡಲು ರೇಸ್ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್. ಆದರೆ ಟಯರು ಅದಕ್ಕಿಂತ ದಪ್ಪ, ಗಾಳಿ ಕಡಿಮೆ, ಏರಿಗೆ ಹಗುರವಾದ ಗೇರು. ಡಾಂಬರು ಮುಗಿದಲ್ಲಿ ಇದರ ಸವಾರಿ ಶುರುವಾಗುತ್ತದೆ. ಅಮೆರಿಕದ ಹಳ್ಳಿಗಾಡಿನ ಜಲ್ಲಿ ರಸ್ತೆಗಳ ಸ್ಪರ್ಧೆಗಳಿಂದ ಬೆಳೆದ ಈ ಸೈಕಲ್ಲು ಮಲೆನಾಡಿನ ಕೆಮ್ಮಣ್ಣಿಗೆ ಹೇಳಿ ಮಾಡಿಸಿದಂತಿದೆ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಬೇರೆ. ಕಾರಿನಲ್ಲಿ ಹೋಗುವವನು ದಾರಿ ಎಲ್ಲಿಗೆ ಹೋಗುತ್ತದೆ ಎಂದಷ್ಟೇ ಕೇಳುತ್ತಾನೆ. ಮಣ್ಣುರಸ್ತೆಯಲ್ಲಿ ಗಂಟೆಗೆ ಹನ್ನೆರಡು ಕಿಲೋಮೀಟರ್ ಸಾಗುವವನಿಗೆ ಈ ದಾರಿ ಯಾಕೆ ಹುಟ್ಟಿತು, ಯಾರು ನಡೆದು ಮಾಡಿದ್ದು, ಯಾಕೆ ನಿಂತುಹೋಯಿತು ಎಂದು ಕೇಳಲು ಬಿಡುವಿರುತ್ತದೆ.

ಸಾಗರ ತಾಲ್ಲೂಕಿನಲ್ಲಿ ಈ ಪ್ರಶ್ನೆಗಳು ಮತ್ತೆಮತ್ತೆ ಎದುರಾಗುತ್ತವೆ. ನಾನು ಕೆಲವು ಬೇಸಿಗೆಗಳಲ್ಲಿ ಶರಾವತಿ ಹಿನ್ನೀರಿನ ಸುತ್ತ ಸೈಕಲ್ ತುಳಿದಿದ್ದೇನೆ. ಅಡಿಕೆ ತೋಟದ ಅಂಚು, ಸೊಪ್ಪಿನಬೆಟ್ಟದ ನೆರಳು, ಜಂಬಿಟ್ಟಿಗೆ ಕಲ್ಲಿನ ದಿಬ್ಬ, ಮತ್ತೊಂದು ತಿರುವಿನಲ್ಲಿ ಕಣ್ಣು ತುಂಬುವ ನೀರು. ಪ್ರವಾಸಿಗರಿಗೆ ಇದು ಕಾಡು ಮತ್ತು ಕೆರೆಗಳ ನಾಡು. ಆದರೆ ಇಲ್ಲಿನ ಹಲವು ದಾರಿಗಳ ರೀತಿ ವಿಚಿತ್ರ. ಎರಡೂ ಬದಿಗೆ ಅಗಳು, ಹಳೆಯ ಮಾವಿನ ಮರ, ಎತ್ತಿನಗಾಡಿಗೆ ಹೊಂದುವ ಅಗಲ, ಎಲ್ಲವೂ ಊರಿಗೆ ಹೋಗುವ ದಾರಿಯ ಲಕ್ಷಣ. ದಾರಿ ಮಾತ್ರ ನಿಧಾನವಾಗಿ ಇಳಿದು ನೀರಿನೊಳಗೆ ಹೋಗಿಬಿಡುತ್ತದೆ. ದಡದಲ್ಲಿ ನಿಲ್ಲುವುದಿಲ್ಲ, ಅಲ್ಲಿಂದ ಮುಂದಕ್ಕೂ ಹೋಗುತ್ತದೆ. ನಮಗೆ ಕಾಣುವುದಿಲ್ಲ ಅಷ್ಟೆ.

ಈ ನೀರಿನ ವಯಸ್ಸು ಅರವತ್ತು ದಾಟಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಗರಿಷ್ಠ ಮಟ್ಟ 1819 ಅಡಿ. ತುಂಬಿದಾಗ ಸುಮಾರು 151 ಟಿಎಂಸಿ ನೀರು. ಮಲೆನಾಡಿನಲ್ಲಿ ಮಕ್ಕಿ ಎಂದರೆ ಮೇಲ್ಮಟ್ಟದ ಗದ್ದೆ. ಕಾಲುವೆ ಇಲ್ಲ, ಮಳೆಯನ್ನೇ ನಂಬಿದ ಒಂದು ಬೆಳೆಯ ಜಮೀನು. ನೀರಿಗಾಗಿ ಆಕಾಶ ನೋಡುತ್ತಿದ್ದ ಗದ್ದೆಯ ಹೆಸರು ಇಂದು ರಾಜ್ಯದ ಅತಿ ದೊಡ್ಡ ಜಲಾಶಯಗಳಲ್ಲೊಂದರ ಹೆಸರು. ಹೊನ್ನೆಮರಡು ಎಂದರೆ ಹೊನ್ನೆ ಮರಗಳಿದ್ದ ದಿಬ್ಬ. ಹೊಳೆಬಾಗಿಲು ಎಂದರೆ ಹೊಳೆ ದಾಟಲು ಇಳಿಯುವ ಜಾಗ. ಹೊಳೆ ದಾಟುವಷ್ಟು ಕಿರಿದಾಗಿತ್ತು, ಅದಕ್ಕೊಂದು ಬಾಗಿಲಿತ್ತು ಎಂಬುದಕ್ಕೆ ಈಗ ಉಳಿದಿರುವ ಸಾಕ್ಷಿ ಆ ಹೆಸರೊಂದೇ.

ಅಣೆಕಟ್ಟೆಗೂ ಮೊದಲು ಇದು ಮೂಲೆಯ ನಾಡಾಗಿರಲಿಲ್ಲ. ಇಲ್ಲಿನ ಊರುಗಳು ತಮ್ಮ ಪಕ್ಕದ ದಟ್ಟ ಕಾಡಿನ ತುಣುಕುಗಳನ್ನು ಕಾನು ಎಂದು ಕರೆದು ಕಾಯ್ದುಕೊಂಡು ಬಂದಿದ್ದವು. ಕಾನಿನಲ್ಲಿ ದೇವರಿದ್ದರು, ಹಳ್ಳದ ಹುಟ್ಟು ಇತ್ತು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ನೆರೆಯ ಸೊರಬದ ಕಾನುಗಳ ಬಗ್ಗೆ ಪ್ರತ್ಯೇಕ ವರದಿಯನ್ನೇ ಬರೆದರು. ಅದಕ್ಕೂ ಮುನ್ನೂರು ವರ್ಷ ಹಿಂದೆ ಈ ಮೆಣಸು ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಅವಳ ಹೆಸರಿಗೆ ಅಂಟಿಕೊಂಡ ಕಾನೂರು ಕೋಟೆ ಇಂದಿಗೂ ಇದೇ ಕಾಡಿನೊಳಗೆ ಬಳ್ಳಿ ಹಬ್ಬಿಸಿಕೊಂಡು ನಿಂತಿದೆ. ಹದಿನೇಳನೆಯ ಶತಮಾನದ ಮೊದಲಲ್ಲಿ ಆ ರಾಜ್ಯ ಕೆಳದಿಯವರ ಕೈ ಸೇರಿತು. ದಾರಿಗಳು ಇಕ್ಕೇರಿಯ ಕಡೆ ಮುಖ ತಿರುಗಿಸಿದವು. ಅಂದರೆ ನಾವು ಇಂದು ಕಾಡುದಾರಿ ಎನ್ನುವುದರಲ್ಲಿ ಕೆಲವಾದರೂ ಒಂದು ಕಾಲದ ಪೇಟೆದಾರಿ.

ಶರಾವತಿಯೇ ಬಹುಕಾಲ ಗಡಿಯೂ ಆಗಿತ್ತು. ಜೋಗದ ಒಂದು ದಡ ಮೈಸೂರು ಸಂಸ್ಥಾನ, ಇನ್ನೊಂದು ದಡ ಬೊಂಬಾಯಿ ಪ್ರಾಂತ್ಯ. ಆಚೆ ದಡದ ಬಾಂಬೆ ಬಂಗಲೆಯ ಹೆಸರಿನಲ್ಲಿ ಆ ಗಡಿ ಉಳಿದಿದೆ. ಜೋಗದ ವಿದ್ಯುತ್ ಯೋಜನೆಯ ಕೆಲಸ ಮೈಸೂರು ಸರ್ಕಾರದಿಂದ ಶುರುವಾದದ್ದು 1939ರಲ್ಲಿ. ನೀರು ಹಿಡಿಯಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದರು. 1948ರ ಫೆಬ್ರವರಿಯಲ್ಲಿ ಕೃಷ್ಣರಾಜೇಂದ್ರರ ಹೆಸರಿನಲ್ಲಿ ಉದ್ಘಾಟನೆಯಾದ ವಿದ್ಯುದಾಗಾರ ಮುಂದೆ ಮಹಾತ್ಮ ಗಾಂಧಿ ವಿದ್ಯುದಾಗಾರವಾಯಿತು. ಆಗಿನ ಪೂರ್ಣ ಸಾಮರ್ಥ್ಯ 120 ಮೆಗಾವಾಟ್. ಹಿರೇಭಾಸ್ಕರದ ವಿಶೇಷ ಅದರ ಸೈಫನ್‌ಗಳು. ಇಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಈ ವಿಧಾನದಲ್ಲಿ ಗೇಟು ಎತ್ತಲು ಆಳು ಬೇಕಿಲ್ಲ. ನೀರು ಆಲಿಕೆಯಂಥ ಬಾಯಿಯ ಮಟ್ಟ ಮೀರಿದಾಗ ಸುಳಿಯಾಗಿ ತಿರುಗುತ್ತಾ ಇಳಿದು, ಒಳಗಿನ ಗಾಳಿಯನ್ನು ಎಳೆದುಕೊಂಡು, ಆಮೇಲೆ ತಾನೇ ತಾನಾಗಿ ಹೆಚ್ಚುವರಿ ನೀರನ್ನೆಲ್ಲ ಹೊರಹಾಕುತ್ತದೆ.

ಇಷ್ಟು ಜಾಣ ಅಣೆಕಟ್ಟೆ ಬಾಳಿದ್ದು ಹದಿನಾರು ಹದಿನೇಳು ವರ್ಷ. ರಾಜ್ಯಗಳು ಒಂದಾದ ಮೇಲೆ ವಿದ್ಯುತ್ತಿನ ಹಸಿವು ಹೆಚ್ಚಿ, ಕೆಳಗೆ ಲಿಂಗನಮಕ್ಕಿ ಎದ್ದಿತು. ಹೊಸ ಅಣೆಕಟ್ಟೆಯ ನೀರು ಹಳೆಯ ಅಣೆಕಟ್ಟೆಯನ್ನೇ ಮುಳುಗಿಸಿತು. ಮಳೆ ಕೈಕೊಟ್ಟ ವರ್ಷ ಮೇ ತಿಂಗಳ ಹೊತ್ತಿಗೆ ಹಿರೇಭಾಸ್ಕರ ಮತ್ತೆ ಮೇಲೆ ಬರುತ್ತದೆ. ಬಿರುಕುಬಿಟ್ಟ ಕೆಸರಿನ ಮೇಲೆ ಸೈಕಲ್ ತಳ್ಳಿಕೊಂಡು ಹೋದರೆ ಕಲ್ಲಿನ ಕಟ್ಟಡ, ಗುಮ್ಮಟದ ತಲೆಯ ಸೈಫನ್‌ಗಳು, ಅಲ್ಲಲ್ಲಿ ಒಣಗಿದ ಮರದ ಬೊಡ್ಡೆಗಳು. ಬೊಡ್ಡೆಗಳು ಸಾಲಾಗಿದ್ದರೆ ಅದು ರಸ್ತೆ. ಚೌಕಾಕಾರದ ಪಾಯ ಕಂಡರೆ ಅದು ಮನೆ. ನೀರು ಇಳಿದ ದಡ ನಕ್ಷೆಯಂತೆ ಓದಿಸಿಕೊಳ್ಳುತ್ತದೆ. ಒಂದು ಸರ್ಕಾರದ ಹೆಮ್ಮೆಯನ್ನು ಇನ್ನೊಂದು ಸರ್ಕಾರದ ಹೆಮ್ಮೆ ಮುಳುಗಿಸಿದ ಜಾಗ ಅದು. ಎರಡರ ಕೆಳಗೂ ಇದ್ದದ್ದು ಗದ್ದೆ.

ಆ ಗದ್ದೆ ಯಾರದ್ದು ಎಂಬುದೇ ಈ ಚರಿತ್ರೆಯ ಕಷ್ಟದ ಪ್ರಶ್ನೆ. ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರು ಉಳುವವನಿಗೇ ಹೊಲ ಎಂಬ ಕೂಗಾಗಿ ಬೆಳೆಯಿತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರ ಜೊತೆಗೆ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಆ ಕೂಗು ಬಲವಾದ ಭೂಸುಧಾರಣಾ ಕಾನೂನಾಗಲು 1974 ಬರಬೇಕಾಯಿತು. ನೀರು ಮಾತ್ರ ಹತ್ತು ವರ್ಷ ಮೊದಲೇ ಬಂದಿತ್ತು. ಪರಿಹಾರ ಎನ್ನುವುದು ಕಾಗದದಲ್ಲಿ ಹೆಸರಿರುವವರನ್ನು ಹುಡುಕಿಕೊಂಡು ಹೋಗುತ್ತದೆ. ಬಾಯಿಮಾತಿನ ಗೇಣಿಗೆ ಯಾವ ಕಾಗದ? ಇನ್ನೊಂದು ದಶಕ ಕಳೆದಿದ್ದರೆ ಒಡೆಯರಾಗುತ್ತಿದ್ದವರು ಬರಿಗೈಯಲ್ಲಿ ಎದ್ದು ನಡೆಯಬೇಕಾಯಿತು.

ಸಾವಿರಾರು ಕುಟುಂಬಗಳು ಹಾಗೆ ಎದ್ದವು. ಶಿವಮೊಗ್ಗ, ಹೊಸನಗರ, ತೀರ್ಥಹಳ್ಳಿ ಕಡೆಯ ಅರಣ್ಯದಲ್ಲಿ ಅವರಿಗೆ ಜಾಗ ತೋರಿಸಿದರು. ಕಾಡು ಕಡಿದು ಗದ್ದೆ ಮಾಡಿದರು, ಮಕ್ಕಳನ್ನು ಸಾಕಿದರು. ಆದರೆ ದಾಖಲೆಯಲ್ಲಿ ಎಷ್ಟೋ ಜಮೀನು ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಅನುಮತಿ ಬೇಕು. ಅಜ್ಜ ಮುಳುಗಡೆ ಸಂತ್ರಸ್ತ, ಮೊಮ್ಮಗ ಅದೇ ನೆಲದಲ್ಲಿ ಒತ್ತುವರಿದಾರ. ಹಕ್ಕುಪತ್ರದ ಹೋರಾಟ ಇಂದಿಗೂ ಮುಗಿದಿಲ್ಲ.

ಹೊರಟವರ ಕಥೆ ಒಂದಾದರೆ ಉಳಿದವರ ಕಥೆ ಇನ್ನೊಂದು. ತುಮರಿ, ಬ್ಯಾಕೋಡು, ಸಿಗಂದೂರಿನ ಕರೂರು ಸೀಮೆ ಒಂದು ಕಡೆ ನೀರು, ಇನ್ನೊಂದು ಕಡೆ ಘಟ್ಟದ ಕಾಡು ಆಗಿ ದ್ವೀಪದಂತಾಯಿತು. ಸಾಗರದ ಆಸ್ಪತ್ರೆಗೂ ಕಾಲೇಜಿಗೂ ಲಾಂಚ್ ದಾಟಬೇಕಿತ್ತು. ಇಲ್ಲವೆ ಕಾಡು ಬಳಸಿ ಹತ್ತಾರು ಕಿಲೋಮೀಟರ್ ಸುತ್ತಬೇಕಿತ್ತು. ಸಂಜೆ ಲಾಂಚ್ ನಿಂತರೆ ಆ ದಿನದ ಲೋಕ ಮುಗಿಯಿತು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ರಾಜ್ಯಕ್ಕೆ ಬೆಳಕು ಕೊಟ್ಟ ನಾಡಿನಲ್ಲಿ ದೀಪದ ಬುಡದ ಕತ್ತಲೆ ಎಂಬ ಗಾದೆ ಗಾದೆಯಾಗಿ ಉಳಿಯಲಿಲ್ಲ.

ಈ ಬದುಕನ್ನು ಕಡತಗಳಿಗಿಂತ ಚೆನ್ನಾಗಿ ಹಿಡಿದಿಟ್ಟದ್ದು ಕನ್ನಡ ಸಾಹಿತ್ಯ. ಶರಾವತಿ ಯೋಜನೆಯ ಕಚೇರಿಯಲ್ಲೇ ಕೆಲಸ ಮಾಡಿದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ, ಕಬ್ಬಿಣದ ಹುರಿಗಳು ಎತ್ತಿ ಹಿಡಿದ ಸೇತುವೆ. ಲಾಂಚಿಗೆ ಕಾದು ಕುಳಿತು ಅರ್ಧ ಗಂಟೆ ನೀರು ನೋಡುತ್ತಿದ್ದ ಸವಾರಿ ನನ್ನಂಥವರಿಗೆ ತಪ್ಪಿತು. ಅದರ ಬಗ್ಗೆ ಹಳಹಳಿಸುವ ಅಧಿಕಾರ ನನಗಿಲ್ಲ. ರಜೆಯಲ್ಲಿ ಬಂದವನಿಗೆ ಲಾಂಚ್ ಚೆಂದ. ಹೆರಿಗೆನೋವಿನಲ್ಲಿ ಕಾದವರಿಗೆ ಅದು ಚೆಂದವಲ್ಲ.

ಈಗ ಅದೇ ಕಣಿವೆಗೆ ಇನ್ನೊಂದು ಯೋಜನೆ ಬಂದು ನಿಂತಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗೆ ಬಿಡುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್. ವಿದ್ಯುತ್ ಹೆಚ್ಚಿದ್ದಾಗ ನೀರೆತ್ತಿ, ಬೇಕಾದಾಗ ಇಳಿಸಿ ಮರಳಿ ವಿದ್ಯುತ್ ಪಡೆಯುವುದು ಅದರ ಲೆಕ್ಕ. ಹೊಸ ದೊಡ್ಡ ಜಲಾಶಯ ಬೇಡ ಎಂಬುದು ಪರವಾದ ಮಾತು. ಸುರಂಗ, ರಸ್ತೆಗಳಿಗೆ ಬೀಳುವ ಮರಗಳು ಸಿಂಗಳೀಕಗಳ ಕಾಡಿನವು ಎಂಬುದು ವಿರುದ್ಧದ ಮಾತು. ಸಿಂಗಳೀಕ ನೆಲಕ್ಕಿಳಿದು ಬದುಕುವ ಪ್ರಾಣಿಯಲ್ಲ; ಕೊಂಬೆಯಿಂದ ಕೊಂಬೆಗೆ ದಾರಿ ಬೇಕು ಅದಕ್ಕೆ. ಮೆಗಾವಾಟುಗಳ ಲೆಕ್ಕದ ಪಕ್ಕದಲ್ಲಿ ಆ ದಾರಿಯ ಲೆಕ್ಕವನ್ನೂ ಯಾರಾದರೂ ಬರೆಯಬೇಕು. ಅದಕ್ಕೂ ಮೊದಲು, 1964ರ ಲೆಕ್ಕದ ಪುಸ್ತಕ ಇನ್ನೂ ಮುಚ್ಚಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹಕ್ಕುಪತ್ರ ಕೇಳುತ್ತಿರುವ ಮೊಮ್ಮಕ್ಕಳು ಆ ಪುಸ್ತಕ ಹಿಡಿದುಕೊಂಡೇ ಕಚೇರಿಯ ಬಾಗಿಲಲ್ಲಿ ನಿಂತಿದ್ದಾರೆ.