ವೀರಗಲ್ಲು ಮತ್ತು ಗದಾಯುದ್ಧ: ಕಾಳಗದಲ್ಲಿ ಉಳಿದವನ ಶೋಕವನ್ನು ಕುರಿತು

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯು ಶಾಸನಗಳಲ್ಲಿ ರಟ್ಟಪಳ್ಳಿಯೆಂದು ಪ್ರಸಿದ್ಧವಾದ ಸ್ಥಳ. ಅಲ್ಲಿಯ ಕದಂಬೇಶ್ವರ ದೇವಾಲಯವು ಚಾಲುಕ್ಯ ಶಿಲ್ಪದ ಲಕ್ಷಣಗಳನ್ನು ಇಂದಿಗೂ ತೋರುತ್ತಿದೆ. ಕ್ರಿ.ಶ. 1764ರಲ್ಲಿ ಪೇಶ್ವೆ ಮಾಧವರಾಯನ ದಂಡು ಹೈದರಾಲಿಯ ದಂಡನ್ನು ಈ ಊರಿನ ಬಳಿಯಲ್ಲಿಯೇ ಮುರಿಯಿತೆಂಬುದು ಇತಿಹಾಸಜ್ಞರಿಗೆ ವಿದಿತವಾದ ಸಂಗತಿ. ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲುಗಳ ಸೀಮೆಯು ಕದಂಬ, ಚಾಲುಕ್ಯ, ಹೊಯ್ಸಳರ ಕಾಲದಿಂದಲೂ ದಂಡಿನ ದಾರಿಯಾಗಿದ್ದಿತು. ಊರ ಮುಂದೆ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ.

ವೀರಗಲ್ಲಿನ ರಚನಾಕ್ರಮವನ್ನು ವಾಚಕರು ಬಲ್ಲರು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ. ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕೊಂಡೊಯ್ಯುವ ದೇವಸ್ತ್ರೀಯರು. ಮೇಲಣ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಮೊದಲಾದ ಕಾರಣಗಳಿಂದ ಸತ್ತವನಿಗೆ ಸ್ವರ್ಗವು ಸಿದ್ಧವಾಗಿದೆಯೆಂದು ಆ ಕಲ್ಲು ಸಾರುತ್ತದೆ. ಆದರೆ ಸಾಯದೆ ಉಳಿದು ಮನೆಗೆ ಮರಳಿದವನಿಗೆ ಆ ಕಲ್ಲಿನಲ್ಲಿ ಎಡೆಯಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯು ಬಿಡಲ್ಪಟ್ಟಿತೆಂದು ಶಾಸನವು ಕೆಲವೆಡೆ ಹೇಳುವುದುಂಟು. ಆ ಭೂಮಿಯನ್ನು ಉತ್ತವರ ಮನಸ್ಸು ಹೇಗಿದ್ದಿತೆಂಬುದನ್ನು ಅದು ಹೇಳದು.

ಈ ನಿಯಮಕ್ಕೆ ಆತಕೂರಿನ ಕಲ್ಲು ಒಂದು ಅಪೂರ್ವವಾದ ಅಪವಾದ. ಕ್ರಿ.ಶ. 949-50ರ ಆ ಶಾಸನದಲ್ಲಿ, ತಕ್ಕೋಲದ ಕಾಳಗದಲ್ಲಿ ಹೋರಾಡಿ ಬದುಕಿದ ಮಣಲೇರನಿಗೆ ಗಂಗ ಬೂತುಗನು ಮೆಚ್ಚಿ ವರವನ್ನು ಕೇಳೆಂದಾಗ, ಆ ಭಟನು ಮೊದಲು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಲ್ಪಟ್ಟಿತು; ಆ ಕಲ್ಲಿನ ಪೂಜೆಗೆ ಭೂಮಿಯೂ ಬಿಡಲ್ಪಟ್ಟಿತು. ಮಹಾಯುದ್ಧದಿಂದ ಉಳಿದು ಬಂದವನ ಸ್ನೇಹವು ಒಂದು ಮೂಕಪ್ರಾಣಿಯಲ್ಲಿ ನೆಲೆಗೊಂಡುದನ್ನು ನಾವು ಇಲ್ಲಿ ಕಾಣುತ್ತೇವೆ.

ಕಲ್ಲು ಸಾಮಾನ್ಯವಾಗಿ ಬಿಟ್ಟ ಈ ಭಾಗವನ್ನು ಪೂರ್ಣವಾಗಿ ನಿರೂಪಿಸಿದವನು ಕವಿಚಕ್ರವರ್ತಿ ರನ್ನ. ಗದಾಯುದ್ಧದ ಕಥಾನಾಯಕನಾದ ಭೀಮನೊಡನೆ ಕವಿಯು ಅಭೇದವನ್ನು ಕಲ್ಪಿಸಿರುವುದು ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನಿಗೆ. ಇದೇ ಸತ್ಯಾಶ್ರಯನ ಕಾಲದ, ಶಿಗ್ಗಾಂವಿ ತಾಲೂಕಿನ ಹೊಟ್ಟೂರಿನ ಶಾಸನವು (ಕ್ರಿ.ಶ. 1007-08) ಚೋಳನು ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ದೋಣೂರಿನಲ್ಲಿ ಬೀಡುಬಿಟ್ಟು, ನಾಡನ್ನು ಸೂರೆಗೊಂಡು, ಸ್ತ್ರೀಯರನ್ನೂ ಶಿಶುಗಳನ್ನೂ ಬ್ರಾಹ್ಮಣರನ್ನೂ ಹಿಂಸಿಸಿದನೆಂದು ಹೇಳುತ್ತದೆ. ಸಂಖ್ಯೆಯಲ್ಲಿ ಅತಿಶಯೋಕ್ತಿಯಿರಬಹುದು, ಆದರೆ ಹಿಂಸೆಯ ನೆನಪಿನಲ್ಲಿ ಸುಳ್ಳಿರಲಾರದು. ಈ ಒಂದು ದಂಡಯಾತ್ರೆಯಿಂದಲೇ ಕಾವ್ಯವು ಹುಟ್ಟಿತೆಂದು ನನ್ನ ವಾದವಲ್ಲ. ಕವಿಯೂ ಅವನ ಶ್ರೋತೃಗಳೂ ಯುದ್ಧವನ್ನು ಕಥೆಯಲ್ಲಿ ಮಾತ್ರ ಕೇಳಿದವರಲ್ಲವೆಂಬಿಷ್ಟನ್ನು ನಾವು ಮರೆಯಬಾರದು.

ಗದಾಯುದ್ಧದ ಆರಂಭದಲ್ಲಿಯೇ ಹದಿನೇಳು ದಿನಗಳ ಯುದ್ಧವು ಮುಗಿದಿದೆ. ದುರ್ಯೋಧನನು ಭೀಷ್ಮನನ್ನು ಕಾಣಲು ಸಂಜಯನ ಆಸರೆಯಿಂದ ರಣಭೂಮಿಯನ್ನು ದಾಟುತ್ತಾನೆ. ಹೆಣಗಳಿಂದಲೂ ನೆತ್ತರಿನಿಂದಲೂ ಅವನಿಗೆ ದಾರಿಯು ದುರ್ಗಮವಾಗಿದೆ. ಮರುಳುಗಳು ಅವನನ್ನು ಹಂಗಿಸುತ್ತವೆ. ಕವಿಯು ಒಂದೊಂದು ಶವದ ಮುಂದೆಯೂ ಒಂದೊಂದು ಸಂಬಂಧವನ್ನು ಪರೀಕ್ಷೆಗೆ ಒಡ್ಡಿದ್ದಾನೆ. ದ್ರೋಣನಲ್ಲಿ ಗುರುಶಿಷ್ಯಭಾವ, ಶತ್ರುಪುತ್ರನಾದ ಅಭಿಮನ್ಯುವಿನಲ್ಲಿ ವೈರವನ್ನು ಮರೆತ ಗೌರವ, ಲಕ್ಷಣಕುಮಾರನಲ್ಲಿ ಮಗನಿಂದ ಪಡೆಯತಕ್ಕ ತರ್ಪಣವನ್ನು ತಾನೇ ಮಗನಿಗೆ ಕೊಡಬೇಕಾಗಿ ಬಂದ ತಂದೆಯ ಸಂಕಟ. ತಾಯಿಯ ಮೊಲೆಹಾಲಿನಿಂದ ಹಿಡಿದು ಎಲ್ಲದರಲ್ಲಿಯೂ ತನ್ನ ಹಿಂದೆ ಬಂದ ದುಶ್ಶಾಸನನು ಸಾವಿನಲ್ಲಿ ಮಾತ್ರ ಮುಂದಾದನೆಂದು ಅಣ್ಣನು ಹಲುಬುತ್ತಾನೆ. ಕರ್ಣನ ಜನ್ಮರಹಸ್ಯವನ್ನು ತಾನು ಬಲ್ಲೆನೆಂಬ ಮಾತು ದುರ್ಯೋಧನನ ಬಾಯಿಂದ ಹೊರಡುವುದೂ ಕರ್ಣನು ಕೇಳಲಾರದ ಹೊತ್ತಿನಲ್ಲಿಯೇ.

ಅನಂತರ ಸಂಧಿಯನ್ನು ನಿರಾಕರಿಸುವಾಗ ಅವನು ತಾನು ಕಾದುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ. ಈ ಛಲವನ್ನು ಅಹಂಕಾರವೆಂದು ವ್ಯಾಖ್ಯಾನಿಸುವ ರೂಢಿಯಿದೆ. ಆದರೆ ಕಾರಣವನ್ನು ಅವನೇ ಕೊಟ್ಟಿದ್ದಾನೆ: ಕರ್ಣನನ್ನು ಕೊಲಿಸಿದ ನೆಲವು ತನಗೆ ಪಾಳುನೆಲ, ಅದರೊಡನೆ ಮತ್ತೆ ಕೂಡಿ ಬಾಳುವುದು ತನ್ನಿಂದಾಗದು. ರಾಜನು ಭೂಪತಿಯೆಂಬ ಪರಂಪರೆಯನ್ನು ನೆನೆದರೆ ಇದರ ತೀಕ್ಷ್ಣತೆಯು ತಿಳಿಯುತ್ತದೆ. ಗೆಳೆಯನ ಸಾವಿನಿಂದ ಗಂಡನಿಗೂ ಹೆಂಡತಿಗೂ ನಡುವಿನ ಬಾಳೇ ಮುರಿದಂತಾಗಿದೆ. ಜೀವಂತರಾದ ತಾಯಿತಂದೆಗಳ ಮಾತಿಗಿಂತ ಸತ್ತವರ ಋಣವು ಅವನಿಗೆ ಬಲವತ್ತರವಾಯಿತು. ಈ ಛಲವು ಶೋಕದ ಪರಿಣಾಮವೆಂದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು: ಕಾವ್ಯದ ಅಂಗಿರಸವು ವೀರ, ಕರುಣವು ಅದಕ್ಕೆ ಅಂಗಮಾತ್ರ; ಆದಕಾರಣ ಈ ಶೋಕಕ್ಕೆ ಇಷ್ಟು ಪ್ರಾಧಾನ್ಯವು ಸಲ್ಲದು ಎಂದು. ಅಂಗವಾದ ಮಾತ್ರಕ್ಕೆ ಅದು ಅಲಂಕಾರವಾಗಿಬಿಡುವುದಿಲ್ಲವೆಂಬುದು ಸಮಾಧಾನ. ಮಹಾಭಾರತವನ್ನು ಆನಂದವರ್ಧನನು ಶಾಂತರಸಪ್ರಧಾನವೆಂದು ನಿರ್ಣಯಿಸಿದುದು ವೃಷ್ಣಿಪಾಂಡವರ ವಿರಸವಾದ ಕೊನೆಯನ್ನು ನೋಡಿಯೇ. ಅಷ್ಟು ದೊಡ್ಡ ಗ್ರಂಥದ ರಸವು ಯುದ್ಧಾನಂತರದ ದೃಷ್ಟಿಯಿಂದ ನಿಶ್ಚಿತವಾಗುವುದಾದರೆ, ಅದರಿಂದ ಹುಟ್ಟಿದ ಕನ್ನಡ ಕಾವ್ಯಕ್ಕೆ ಅದೇ ನ್ಯಾಯವನ್ನು ಅನ್ವಯಿಸುವುದರಲ್ಲಿ ದೋಷವಿಲ್ಲ.

ಪಾಠಶಾಲೆಗಳಲ್ಲಿ ಗದಾಯುದ್ಧದ ಗರ್ಜನೆಯನ್ನು ಬೋಧಿಸುವ ಅಧ್ಯಾಪಕರು ರಣಭೂಮಿಯ ಆ ನಡಿಗೆಗೂ ಅಷ್ಟೇ ಕಾಲವನ್ನು ಕೊಡಬೇಕೆಂದು ವಿನಂತಿ. ರಟ್ಟೀಹಳ್ಳಿಯ ಕಡೆಯ ವೀರಗಲ್ಲುಗಳನ್ನು ನೋಡುವ ವಿದ್ಯಾರ್ಥಿಯು ಮೂರು ಪಟ್ಟಿಕೆಗಳನ್ನು ಓದಿ ಮುಗಿಸಿದ ಮೇಲೆ, ಆ ಕಲ್ಲನ್ನು ನಿಲ್ಲಿಸಿದ ತಮ್ಮನನ್ನೋ ಮಗನನ್ನೋ ಒಡನಾಡಿಯನ್ನೋ ಕುರಿತು ಕೇಳುವಂತಾದರೆ ರನ್ನನನ್ನು ಓದಿದುದು ಸಾರ್ಥಕವಾಯಿತೆಂದು ತಿಳಿಯತಕ್ಕದ್ದು.