ಬ್ಲ್ಯಾಕ್‌ಪೂಲಿನ ಶರತ್ಕಾಲದ ದೀಪಗಳೂ ಧಾರವಾಡದ ಹತ್ತಿಯೂ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಐರಿಷ್ ಸಮುದ್ರದ ದಂಡೆಯ ಮೇಲೆ ಬ್ಲ್ಯಾಕ್‌ಪೂಲ್ ಎಂಬ ಪಟ್ಟಣವಿದೆ. ಕಡಲತೀರದ ವಿಹಾರ ಪಟ್ಟಣಗಳು ಬೇಸಿಗೆ ಮುಗಿದೊಡನೆ ಬಾಗಿಲು ಹಾಕಿಕೊಳ್ಳುವುದು ಆ ದೇಶದ ವಾಡಿಕೆ. ಚಳಿಗಾಳಿ ಬೀಸತೊಡಗುತ್ತದೆ, ಮಳೆ ಹಿಡಿಯುತ್ತದೆ, ಸಂಜೆ ಬೇಗ ಕತ್ತಲಾಗುತ್ತದೆ. ಆದರೆ ಈ ಊರಿನ ದೊಡ್ಡ ಹಬ್ಬ ಆರಂಭವಾಗುವುದೇ ಆಗ. ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಯಾರಾದರೊಬ್ಬ ಪ್ರಸಿದ್ಧರು ಬಂದು ಗುಂಡಿ ಒತ್ತುತ್ತಾರೆ. ಸುಮಾರು ಹತ್ತು ಕಿಲೋಮೀಟರ್ ಉದ್ದದ ಕಡಲ ರಸ್ತೆಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಹಡಗಿನ ಆಕಾರದಲ್ಲಿ, ರೈಲಿನ ಆಕಾರದಲ್ಲಿ ಅಲಂಕರಿಸಿದ ಟ್ರಾಂಗಳು ಅವುಗಳ ನಡುವೆ ಓಡಾಡುತ್ತವೆ. ಇದನ್ನು ಅಲ್ಲಿಯವರು 'ಇಲ್ಯುಮಿನೇಷನ್ಸ್' ಎನ್ನುತ್ತಾರೆ.

ದೂರದ ಊರೊಂದರ ದೀಪಾಲಂಕಾರ ನಮಗೇಕೆ ಎಂದು ಓದುಗರು ಕೇಳಬಹುದು. ಆ ಬೆಳಕಿನ ಹಿಂದೆ ಹತ್ತಿಯ ಕಥೆಯಿದೆ. ಆ ಹತ್ತಿಯ ಕಥೆಯ ಒಂದು ಕೊನೆ ನಮ್ಮ ಧಾರವಾಡದ ಕಪ್ಪು ನೆಲದಲ್ಲಿ, ಕಾರವಾರದ ಬಂದರಿನಲ್ಲಿ ಸಿಕ್ಕಿಕೊಂಡಿದೆ. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಎಂಬ ಎರಡು ಜಿಲ್ಲೆಗಳು ಸುಮಾರು ಒಂದು ಶತಮಾನ ಕಾಲ ಬೇರೆ ಬೇರೆ ಪ್ರಾಂತಗಳ ಪಾಲಾಗಿದ್ದದ್ದಕ್ಕೂ ಆ ಕಥೆಗೂ ಸಂಬಂಧವಿದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ಲ್ಯಾಕ್‌ಪೂಲ್ ಎಂದರೆ ಕೆಲವು ಮನೆಗಳ ಹಳ್ಳಿ. ಸಮುದ್ರಸ್ನಾನ ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿದ ಉಳ್ಳವರು ಅಲ್ಲಿಗೆ ಬಂದುಹೋಗುತ್ತಿದ್ದರು. 1846ರಲ್ಲಿ ರೈಲು ಬಂತು. ಅದರೊಂದಿಗೆ ಮ್ಯಾಂಚೆಸ್ಟರ್, ಬೋಲ್ಟನ್, ಓಲ್ಡ್‌ಹ್ಯಾಮ್, ಬರ್ನ್ಲಿ, ಬ್ಲ್ಯಾಕ್‌ಬರ್ನ್ ಮುಂತಾದ ಹತ್ತಿಗಿರಣಿಗಳ ಊರಿನ ಕಾರ್ಮಿಕರು ಬಂದರು. ಅವರು ಬರುತ್ತಿದ್ದ ಕ್ರಮವೇ ಕುತೂಹಲಕರ. ನಮ್ಮಲ್ಲಿಯ ಜಾತ್ರೆ, ಉರೂಸುಗಳಂತೆ ಅಲ್ಲಿಯೂ ಪ್ರತಿ ಊರಿನ ಚರ್ಚಿಗೆ ವರ್ಷಕ್ಕೊಂದು ಉತ್ಸವವಿತ್ತು. ಅದನ್ನು 'ವೇಕ್ಸ್' ಎನ್ನುತ್ತಿದ್ದರು. ಗಿರಣಿಗಳು ಬಂದ ಮೇಲೂ ಕಾರ್ಮಿಕರು ಆ ದಿನಗಳನ್ನು ಬಿಟ್ಟುಕೊಡಲಿಲ್ಲ. ಹೇಗೂ ಕೆಲಸಕ್ಕೆ ಬರುವುದಿಲ್ಲವೆಂದು ಕಂಡ ಮಾಲಕರು ಇಡೀ ಗಿರಣಿಯನ್ನೇ ಆ ವಾರ ಮುಚ್ಚಿ, ಯಂತ್ರಗಳ ದುರಸ್ತಿ ಮಾಡಿಸಿಕೊಂಡರು. ಚರ್ಚು ಹಿಂದೆ ಸರಿಯಿತು, ರಜೆ ಉಳಿಯಿತು. ಒಂದೊಂದು ಊರಿಗೆ ಒಂದೊಂದು ವಾರ. ಈ ವಾರ ಓಲ್ಡ್‌ಹ್ಯಾಮಿನ ಕೊಳವೆಗಳಲ್ಲಿ ಹೊಗೆಯಿಲ್ಲವೆಂದರೆ ಊರಿಗೆ ಊರೇ ಬ್ಲ್ಯಾಕ್‌ಪೂಲಿನಲ್ಲಿದೆ ಎಂದರ್ಥ.

ಆ ರಜೆಗೆ ಸಂಬಳವಿರಲಿಲ್ಲ ಎಂಬುದನ್ನು ಮರೆಯಬಾರದು. ವರ್ಷವಿಡೀ ವಾರಕ್ಕಿಷ್ಟು ಪೆನ್ನಿಯಂತೆ ಸಂಘಗಳಲ್ಲಿ ಕೂಡಿಟ್ಟು ಆ ಒಂದು ವಾರದಲ್ಲಿ ಖರ್ಚು ಮಾಡುತ್ತಿದ್ದರು. ಸಂಬಳ ಸಹಿತ ರಜೆಯ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1938ರಲ್ಲಿ. ತಂಗುತ್ತಿದ್ದುದು ವಿಧವೆಯರು, ಗೃಹಿಣಿಯರು ನಡೆಸುತ್ತಿದ್ದ ಸಣ್ಣ ವಸತಿಮನೆಗಳಲ್ಲಿ. ಅತಿಥಿಗಳೇ ಅಡುಗೆ ಸಾಮಾನು ತಂದುಕೊಡಬೇಕು, ಮನೆಯೊಡತಿ ಬೇಯಿಸಿ ಕೊಡುತ್ತಾಳೆ. ಮೇಜಿನ ಮೇಲಿಟ್ಟ ಉಪ್ಪು-ಮೆಣಸಿನಪುಡಿಗೂ ಲೆಕ್ಕ ಹಾಕುತ್ತಿದ್ದಳೆಂದು ಆಕೆಯ ಬಗ್ಗೆ ಹಾಸ್ಯವುಂಟು. ನಾವು ಆಕೆಯನ್ನು ನಗಲಾರೆವು. ಹತ್ತು-ಹನ್ನೆರಡು ವಾರಗಳ ಸಂಪಾದನೆಯಲ್ಲಿ ಐವತ್ತೆರಡು ವಾರ ಬದುಕಬೇಕಿದ್ದವಳು ಆಕೆ.

ಈಗ ಹತ್ತಿಯತ್ತ ಬರೋಣ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಗುಲಾಮರ ದುಡಿಮೆಯಿಂದ ಬೆಳೆದ ಅಲ್ಲಿನ ಹತ್ತಿ ಲ್ಯಾಂಕಶೈರಿಗೆ ಬರುವುದು ನಿಂತುಹೋಯಿತು. 1862ರ ಕೊನೆಯ ಹೊತ್ತಿಗೆ ಸುಮಾರು 5 ಲಕ್ಷ ಜನ ಪರಿಹಾರದ ಗಂಜಿಗೆ ಕೈಯೊಡ್ಡಬೇಕಾಯಿತು. ಈ 'ಹತ್ತಿ ಬರ'ದ ನಡುವೆಯೇ, 1863ರಲ್ಲಿ, ಬ್ಲ್ಯಾಕ್‌ಪೂಲಿನಲ್ಲಿ ಸಮುದ್ರದೊಳಕ್ಕೆ ಚಾಚಿದ ಮೊದಲ ವಿಹಾರ ಸೇತುವೆ, ನಾರ್ತ್ ಪಿಯರ್, ಉದ್ಘಾಟನೆಯಾಯಿತು. ಅದು ಉಳ್ಳವರ ವಿಹಾರಕ್ಕೆ. ದುಡಿಯುವವರು ಸಂಗೀತ ಕೇಳಿ ಕುಣಿಯಲು ಎರಡನೆಯ ಪಿಯರ್ ಬಂದದ್ದು 1868ರಲ್ಲಿ, ಗಿರಣಿಗಳು ಮತ್ತೆ ತಿರುಗತೊಡಗಿದ ಮೇಲೆ.

ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಆಗ ಭಾರತದ ಮೇಲಿತ್ತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿಯನ್ನು ಬೆಳೆಸುವ ಪ್ರಯೋಗ ನಡೆದಿತ್ತು. ಬೆಳೆದದ್ದನ್ನು ಸಾಗಿಸಲು ಹತ್ತಿರದ ಬಂದರು ಬೇಕಿತ್ತು. ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡ-ಕಾರವಾರ ಅವರ ಕಣ್ಣಿಗೆ ಬಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಂದರು ಮದ್ರಾಸ್ ಪ್ರಾಂತದಲ್ಲಿ! ಎರಡು ಸರಕಾರಗಳ ನಡುವೆ ಕೆಲಸ ಸಾಗುವುದಿಲ್ಲವೆಂದು ಅವರು ಒತ್ತಡ ತಂದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಜನ ಮತ್ತೆ ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ. ಇಷ್ಟೆಲ್ಲ ಮಾಡಿಯೂ ಮ್ಯಾಂಚೆಸ್ಟರಿನ ಉತ್ಸಾಹ ಬಹಳ ದಿನ ಬಾಳಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. 1880ರ ದಶಕದಲ್ಲಿ ರೈಲು ಗೋವೆಯ ಮರ್ಮಗೋವಾ ಬಂದರಿನತ್ತ ಹೊರಳಿತು. ಕಾರವಾರಕ್ಕೆ ಉಳಿದದ್ದು ಅರಬೈಲು ಘಟ್ಟದ ರಸ್ತೆ ಮತ್ತು ಕೈಗೂಡದ ಬಂದರಿನ ಕನಸು.

ಆದರೆ ಲ್ಯಾಂಕಶೈರ್ ಬೆಳೆಯುತ್ತಲೇ ಹೋಯಿತು. ನಮ್ಮಿಂದ ಕೊಂಡ ಹತ್ತಿಗಿಂತಲೂ ನಮಗೆ ಮಾರಿದ ಬಟ್ಟೆಯಿಂದ ಅದು ಹೆಚ್ಚು ಬೆಳೆಯಿತು. 1913ರಲ್ಲಿ ಬ್ರಿಟನ್ ಹೊರದೇಶಗಳಿಗೆ ಕಳುಹಿಸಿದ ಹತ್ತಿ ಬಟ್ಟೆ ಸುಮಾರು 700 ಕೋಟಿ ಗಜ. ಅದರಲ್ಲಿ ಸುಮಾರು 300 ಕೋಟಿ ಗಜವನ್ನು ಕೊಂಡದ್ದು ಭಾರತ. ನಮ್ಮ ನೇಕಾರರ ಮಗ್ಗ ಮೌನವಾದುದಕ್ಕೂ ಬ್ಲ್ಯಾಕ್‌ಪೂಲಿನಲ್ಲಿ ಸಂತೆ ಸೇರಿದುದಕ್ಕೂ ಹಣ ಹರಿದ ದಾರಿ ಒಂದೇ. ಹಾಗೆಂದು ವರ್ಷಕ್ಕೊಂದು ವಾರ ಕಡಲು ಕಂಡ ಆ ನೇಕಾರ ಹೆಂಗಸನ್ನು ನಾವು ಅಪರಾಧಿಯಾಗಿ ನಿಲ್ಲಿಸುವುದಿಲ್ಲ. ಲಾಭದ ದೊಡ್ಡ ಪಾಲು ಆಕೆಯ ಕೈಗೆ ಬಂದದ್ದೇ ಇಲ್ಲ.

ಇನ್ನು ದೀಪಗಳು. 1876ರಲ್ಲಿ ಬ್ಲ್ಯಾಕ್‌ಪೂಲಿಗೆ ನಗರಸಭೆ ಬಂತು. ಅದರಲ್ಲಿ ಕುಳಿತವರು ವ್ಯಾಪಾರಿಗಳು, ಹೋಟೆಲಿನವರು. ಊರಿನ ಪ್ರಚಾರಕ್ಕಾಗಿಯೇ ಜನರಿಂದ ತೆರಿಗೆ ಎತ್ತುವ ಅಧಿಕಾರವನ್ನು 1879ರಲ್ಲಿ ಸಂಸತ್ತಿನಿಂದ ಪಡೆದುಕೊಂಡರು. ಬೇರೆ ಪಟ್ಟಣಗಳಿಗೆ ಅದು ಸುಲಭವಾಗಿ ದಕ್ಕಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಡಲ ರಸ್ತೆಯಲ್ಲಿ ಎಂಟು ಆರ್ಕ್ ದೀಪಗಳನ್ನು ಹೊತ್ತಿಸಿದರು. ಎಡಿಸನ್ನರ ಬಲ್ಬಿಗೆ ಪೇಟೆಂಟ್ ಸಿಗುವ ಮೊದಲೇ ನಡೆದ ಸಂಗತಿಯಿದು. 'ಕೃತಕ ಸೂರ್ಯಪ್ರಕಾಶ' ಎಂದು ಅದಕ್ಕೆ ಹೆಸರು ಬಂತು. ನೋಡಲು ಹತ್ತಾರು ಸಾವಿರ ಜನ ನೆರೆದರು. ರಾತ್ರಿಯೆಂದರೆ ಮಂಕು ಗ್ಯಾಸ್ ದೀಪ ಎಂದಷ್ಟೇ ತಿಳಿದಿದ್ದವರಿಗೆ ಅದು ಎಂಥ ಬೆರಗು ತಂದಿರಬೇಕೆಂದು ಊಹಿಸಬಹುದು. 1885ರಲ್ಲಿ ಬ್ರಿಟನ್ನಿನ ಮೊದಲ ವಿದ್ಯುತ್ ಟ್ರಾಂಗಳಲ್ಲೊಂದು ಇಲ್ಲಿ ಓಡಿತು. 1894ರಲ್ಲಿ ಪ್ಯಾರಿಸಿನ ಐಫೆಲ್ ಗೋಪುರವನ್ನು ಕಂಡು ಕಟ್ಟಿದ 518 ಅಡಿ ಎತ್ತರದ ಗೋಪುರ ಎದ್ದು ನಿಂತಿತು.

ಆದರೂ ಸೆಪ್ಟೆಂಬರ್ ನಡುವಿನ ಹೊತ್ತಿಗೆ ವೇಕ್ಸ್ ವಾರಗಳು ಮುಗಿದು ಊರು ಖಾಲಿಯಾಗುತ್ತಿತ್ತು. 1912ರ ಮೇ ತಿಂಗಳಲ್ಲಿ ರಾಣಿ ವಿಕ್ಟೋರಿಯಾಳ ಮಗಳು ಲೂಯಿಸ್ ಹೊಸ ಕಡಲ ರಸ್ತೆಯನ್ನು ಉದ್ಘಾಟಿಸಲು ಬಂದಾಗ ಸುಮಾರು 10,000 ಬಲ್ಬುಗಳಿಂದ ಅದನ್ನು ಸಿಂಗರಿಸಿದ್ದರು. ಅದನ್ನು ಕಂಡ ಅಂಗಡಿಕಾರರು ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಹಚ್ಚಿರೆಂದು ನಗರಸಭೆಯನ್ನು ಒತ್ತಾಯಿಸಿದರು. ಹಚ್ಚಿದರು. ಜನ ಬಂದರು. ಮರುವರ್ಷವೂ ಬಂದರು. ರಾಜಮನೆತನದ ಗೌರವಕ್ಕೆಂದು ಹಚ್ಚಿದ್ದು ವ್ಯಾಪಾರದ ದೀಪವಾಯಿತು. ಬೇಸಿಗೆಯ ಋತುವನ್ನು ಶರತ್ಕಾಲದವರೆಗೆ ಎಳೆಯುವ ಉಪಾಯ ಅದು. ಬಿಸಿಲು ಮುಂಚೆಯೇ ಮರೆಯಾಗುತ್ತದೆಂಬ ಕೊರತೆಯನ್ನೇ ಬಂಡವಾಳ ಮಾಡಿಕೊಂಡ ಜಾಣತನವನ್ನು ನಾವು ಮೆಚ್ಚಲೇಬೇಕು. ಜೂನಿನ ಸಂಜೆ ಅಲ್ಲಿ ಹತ್ತು ಗಂಟೆಗೂ ಬೆಳಕಿರುತ್ತದೆ, ದೀಪ ಹಚ್ಚಿದರೆ ನೋಡುವವರಾರು?

ಮೊದಲ ಮಹಾಯುದ್ಧ ಬಂದು ದೀಪಗಳು ನಿಂತವು, 1925ರಲ್ಲಿ ಮತ್ತೆ ಬಂದವು. 1934ರಿಂದ ಪ್ರಸಿದ್ಧರನ್ನು ಕರೆದು ಗುಂಡಿ ಒತ್ತಿಸುವ ಪದ್ಧತಿ ಶುರುವಾಯಿತು. ಲಾರ್ಡುಗಳು, ನಟಿಯರು, 1955ರಲ್ಲಿ ಸೋವಿಯತ್ ರಾಯಭಾರಿ, 1977ರಲ್ಲಿ ರೆಡ್ ರಮ್ ಎಂಬ ಪಂದ್ಯದ ಕುದುರೆ! 1939ರಲ್ಲಿ ಎಲ್ಲ ಸಿದ್ಧವಾಗಿ ಮುನ್ನೋಟದ ಪ್ರದರ್ಶನವೂ ನಡೆದಿತ್ತು. ಅದರ ಬೆನ್ನಿಗೇ ಯುದ್ಧ ಘೋಷಣೆಯಾಗಿ ಇಡೀ ದೇಶ ಕತ್ತಲಾಯಿತು. ಯುದ್ಧ ಮುಗಿದರೂ ಇಂಧನದ ಅಭಾವದಿಂದ 1949ರವರೆಗೆ ದೀಪ ಹಚ್ಚಲಾಗಲಿಲ್ಲ.

ಈ ನಡುವೆ 1931ರ ಶರತ್ಕಾಲದಲ್ಲಿ ಲ್ಯಾಂಕಶೈರಿಗೆ ಬೇರೊಬ್ಬ ಅತಿಥಿ ಬಂದಿದ್ದರು. ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಬಂದಿದ್ದ ಗಾಂಧೀಜಿ ಸೆಪ್ಟೆಂಬರ್ ಕೊನೆಯಲ್ಲಿ ಡಾರ್ವೆನ್ ಎಂಬ ಗಿರಣಿ ಊರಿಗೆ ಹೋದರು. ಬ್ಲ್ಯಾಕ್‌ಪೂಲಿನಿಂದ ಅದು ನಲವತ್ತು ಕಿಲೋಮೀಟರಿನಷ್ಟು ದೂರ. ಬಹಿಷ್ಕಾರದಿಂದ ತಮ್ಮ ಕೆಲಸ ಕಳೆದಿದ್ದಾರೆಂಬ ಸಿಟ್ಟು ಅಲ್ಲಿನ ಜನರಿಗೆ ಇದ್ದಿರಬಹುದಾಗಿತ್ತು. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಕೈಯೆತ್ತಿ ಹರ್ಷ ವ್ಯಕ್ತಪಡಿಸುತ್ತಿರುವ ಚಿತ್ರ ಇಂದಿಗೂ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಗಾಂಧೀಜಿ ಅವರ ಕಷ್ಟಕ್ಕೆ ಮರುಗಿದರು, ಆದರೆ ಭಾರತದ ಬಡತನ ಅದಕ್ಕಿಂತ ಎಷ್ಟೋ ಪಾಲು ಆಳವಾದುದೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಬಹಿಷ್ಕಾರ ಹಿಂದೆಗೆಯುವ ಭರವಸೆ ಕೊಡಲಿಲ್ಲ. ಆ ದಿನಗಳಲ್ಲಿ ಬ್ಲ್ಯಾಕ್‌ಪೂಲಿನ ದೀಪಗಳು ಉರಿಯುತ್ತಿದ್ದವು.

ಎರಡನೆಯ ಯುದ್ಧದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಉಳಿದವುಗಳಲ್ಲಿ ರಾತ್ರಿ ಪಾಳಿಗೆ ಸ್ಥಳೀಯರು ಸಿಗಲಿಲ್ಲ. ಆಗ ಪಾಕಿಸ್ತಾನದಿಂದ, ಗುಜರಾತಿನಿಂದ ಜನ ಬಂದರು. ಬಹಳಷ್ಟು ಮಂದಿ ಮುಸ್ಲಿಮರು. ಒಂದು ಕಾಲದಲ್ಲಿ ನಮ್ಮ ಹತ್ತಿ ಹೋದ ಊರುಗಳಿಗೆ ನಮ್ಮ ಉಪಖಂಡದ ಮನುಷ್ಯರು ಹೋದರು. 1965ರಲ್ಲಿ ಪ್ರೆಸ್ಟನ್ನಿನ ರೆಡ್ ಸ್ಕಾರ್ ರೇಯಾನ್ ಕಾರ್ಖಾನೆಯಲ್ಲಿ ಹೆಚ್ಚು ಯಂತ್ರ ನೋಡಿಕೊಳ್ಳಬೇಕೆಂಬ ಆದೇಶದ ವಿರುದ್ಧ ಏಷ್ಯಾದ ಮತ್ತು ವೆಸ್ಟ್ ಇಂಡೀಸಿನ ಕಾರ್ಮಿಕರು ಮುಷ್ಕರ ಹೂಡಿದರು. ಬಿಳಿಯ ಸಹೋದ್ಯೋಗಿಗಳೂ ಯೂನಿಯನ್ನಿನ ಮುಖಂಡರೂ ಅವರ ಜೊತೆ ನಿಲ್ಲಲಿಲ್ಲ. ಆದರೆ ವೇಕ್ಸ್ ವಾರದ ಹಳೆಯ ಚಾಳಿಯನ್ನು ಈ ಹೊಸಬರೂ ಕಲಿತರು. ಶರತ್ಕಾಲದ ವಾರಾಂತ್ಯಗಳಲ್ಲಿ ಅಜ್ಜಿ-ಮೊಮ್ಮಕ್ಕಳ ಸಮೇತ, ಬುತ್ತಿ ಕಟ್ಟಿಕೊಂಡು ದೀಪ ನೋಡಲು ಹೋಗುವುದು ಉತ್ತರ ಇಂಗ್ಲೆಂಡಿನ ಏಷ್ಯನ್ ಕುಟುಂಬಗಳಲ್ಲಿ ರೂಢಿಯಾಯಿತು. ಗುರಿಂದರ್ ಚಡ್ಡಾ 1993ರಲ್ಲಿ ತೆಗೆದ 'ಭಾಜಿ ಆನ್ ದ ಬೀಚ್' ಚಿತ್ರ ಅಂಥದೇ ಒಂದು ಬ್ಲ್ಯಾಕ್‌ಪೂಲ್ ಪ್ರವಾಸದ ಕಥೆ.

ಬಿಳಿಯ ಕಾರ್ಮಿಕರು ಅಷ್ಟರಲ್ಲಿ ಅಗ್ಗದ ವಿಮಾನ ಹತ್ತಿ ಸ್ಪೇನಿನ ಬಿಸಿಲಿಗೆ ಹೋಗತೊಡಗಿದ್ದರು. ಶರತ್ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದ ದೊಡ್ಡ ರಾಜಕೀಯ ಪಕ್ಷಗಳ ಸಮ್ಮೇಳನಗಳೂ ಕೈತಪ್ಪಿದವು. ಲೇಬರ್ ಪಕ್ಷ ಕೊನೆಯದಾಗಿ ಸೇರಿದ್ದು 2002ರಲ್ಲಿ, ಕನ್ಸರ್ವೇಟಿವ್ ಪಕ್ಷ 2007ರಲ್ಲಿ. ಪಟಾಕಿ ಪ್ರದರ್ಶನದ ಸ್ಪರ್ಧೆ, ಬೆಳಕಿನ ಕಲೆಯ ಉತ್ಸವ ಮುಂತಾದವನ್ನು ಸೇರಿಸಿಕೊಂಡು ಊರು ತನ್ನ ಶರತ್ಕಾಲವನ್ನು ಕಾಪಾಡಿಕೊಂಡು ಬಂದಿದೆ.

ಕಡಲ ರಸ್ತೆಯಿಂದ ಒಂದೆರಡು ಬೀದಿ ಒಳಗೆ ಹೋದರೆ ಬೇರೆ ಚಿತ್ರ. ಹಳೆಯ ವಸತಿಮನೆಗಳನ್ನು ಒಂದೊಂದೇ ಕೋಣೆಯ ಬಾಡಿಗೆ ಮನೆಗಳಾಗಿ ಸೀಳಲಾಗಿದೆ. ಕೆಲಸವಿಲ್ಲದವರು, ಕಾಯಿಲೆಯವರು ದೇಶದ ಬೇರೆ ಕಡೆಗಳಿಂದ ಬಂದು ಸರಕಾರದ ಬಾಡಿಗೆ ಸಹಾಯಧನದಲ್ಲಿ ಅಲ್ಲಿ ದಿನದೂಡುತ್ತಾರೆ. 2019ರಲ್ಲಿ ಸರಕಾರವೇ ಪ್ರಕಟಿಸಿದ ಪಟ್ಟಿಯಲ್ಲಿ ಇಂಗ್ಲೆಂಡಿನ ಅತ್ಯಂತ ಹಿಂದುಳಿದ ಹತ್ತು ಪ್ರದೇಶಗಳ ಪೈಕಿ ಎಂಟು ಬ್ಲ್ಯಾಕ್‌ಪೂಲಿನವು. ಮರುವರ್ಷ ಕೊರೋನಾ ಬಂದಾಗ ನಗರಸಭೆ ದೀಪಗಳನ್ನು ಜನವರಿಯವರೆಗೆ ಉರಿಸುವ ತೀರ್ಮಾನ ಕೈಗೊಂಡಿತು. ಆ ಬಳಿಕ ಅದೇ ರೂಢಿಯಾಯಿತು. ನೋಡಲು ಟಿಕೆಟ್ ಇಲ್ಲ. ದೀಪಗಳನ್ನು ಊರಿನ ಸ್ವಂತ ಕಾರ್ಯಾಗಾರದಲ್ಲೇ ತಯಾರಿಸುತ್ತಾರೆ. ಖರ್ಚಿನ ಒಂದು ಪಾಲು ನಗರಸಭೆಯದು. ಉಳಿದದ್ದಕ್ಕೆ ಕಾರುಗಳ ಕಿಟಕಿಯ ಬಳಿ ಡಬ್ಬಿ ಹಿಡಿದು ನಿಲ್ಲುತ್ತಾರೆ.